ದುಂಡಪ್ಪನ ನಾಲ್ಕು ಡಾವ

ಸಂಕೇಶ್ವರದ ಆ ಗಲ್ಲಿಯಲ್ಲಿ ದುಂಡಪ್ಪಂದಿರು ಇಬ್ಬರಿದ್ದರು. ಒಬ್ಬ ಚಹಾದ ದುಂಡಪ್ಪ, ಬಸ್ ಸ್ಟ್ಯಾಂಡಿನ ಬೆನ್ನಿಗೆ ಗಾಡಿ ಹಚ್ಚಿಕೊಂಡು ನಿಲ್ಲುವವನು. ಇನ್ನೊಂದು ಪಾಯಪ್ಪನ ಕಂಪ್ಯೂಟರ್ ಸೆಂಟರಿನ ಪರದೆಯೊಳಗಿತ್ತು. ಬೂದು ಕೂದಲು, ಗಿಡ್ಡ ಕಾಲು, ಗಡಿಗೆಯಂಥ ಹೊಟ್ಟೆ. ಆಟ ಕೊಲ್ಹಾಪುರದಿಂದ ಬಂದ ಸಿಡಿಯದು. ಸಿಡಿಯ ಮೇಲಿನ ಹೆಸರು ಯಾರಿಗೂ ಓದಲು ಬರದ ಜಪಾನಿ ಅಕ್ಷರದಲ್ಲಿತ್ತು, ಹೀಗಾಗಿ ಎಲ್ಲರೂ ಅದನ್ನು ಕಾಳಗ ಎಂದೇ ಕರೆದರು. ಆ ಗುಂಡಗಿನ ಪ್ರಾಣಿಯನ್ನು ಮೊದಲ ಸಲ ನೋಡಿದಾಗ ಸೋನಾಲಿ ಚಹಾದ ಗಾಡಿಯ ಕಡೆ ಒಮ್ಮೆ ನೋಡಿ, ಪರದೆಯ ಕಡೆ ಒಮ್ಮೆ ನೋಡಿ, ಮೂಗಿನಿಂದ ಚಹಾ ಬರುವ ಹಾಗೆ ನಕ್ಕಿದ್ದಳು. ಅವತ್ತಿನಿಂದ ಅದು ದುಂಡಪ್ಪನಾಯಿತು. ಖುದ್ದು ದುಂಡಪ್ಪನಿಗೂ ಈ ಸಂಗತಿ ಗೊತ್ತಿತ್ತು. ಚಹಾ ತಂದಾಗಲೆಲ್ಲ ಬಾಗಿಲಲ್ಲೇ ನಿಂತು ಕೇಳುವನು.

"ಏನ್ರವಾ, ಇವತ್ತ ನಾ ಗೆದ್ನೋ, ಬಿದ್ನೋ?"

"ಗೆದ್ದೀಯೋ ಕಾಕಾ. ಹೋರಿನ ಮಲಗಿಸಿ ಬಂದಿ."

"ಮನ್ಯಾಗ ಒಂದ್ ಕುರ್ಚಿ ಎತ್ತಾಕ ಆಗಂಗಿಲ್ಲ ನನಗ," ಎನ್ನುತ್ತ ಕಪ್ಪು ಎತ್ತಿಕೊಂಡು ಹೋಗುವನು.

ಎರಡು ಸಾವಿರದ ಐದನೆಯ ಇಸವಿ. ದೀಪಾಲಿ ಪಿಯುಸಿ ಎರಡನೇ ವರ್ಷ, ಸೋನಾಲಿ ಮೊದಲನೇ ವರ್ಷ. ಸೋನಾಲಿ ಅವಳ ಕಾಕಾನ ಮಗಳು. ಒಂದೇ ಮನೆ, ಒಂದೇ ಅಡಿಗೆ, ಒಂದೇ ಸೈಕಲ್ಲು. ಕಾಲೇಜು ಬಿಟ್ಟ ಮೇಲೆ ಇಬ್ಬರೂ ಪಾಯಪ್ಪನಲ್ಲಿಗೆ ಬಂದು ಗೋಡೆ ಬದಿಯ ಕಂಪ್ಯೂಟರಿಗೆ ಎರಡು ಸ್ಟೂಲು ಎಳೆದುಕೊಂಡು ಕೂತರೆ, ಹೊತ್ತು ಮುಳುಗುವುದರೊಳಗೆ ಊಟಕ್ಕೆ ಮನೆ ಮುಟ್ಟಬೇಕು ಎಂಬ ನೆನಪು ಬಂದಾಗಲೇ ಏಳುವುದು. ಇಬ್ಬರ ಅಜ್ಜಿ, ಆಯಿ ತಾರಾಬಾಯಿಗೆ ಈ ಆಟ ಸೇರುತ್ತಿರಲಿಲ್ಲ.

"ಮೂಕ ಪ್ರಾಣಿಗೋಳಿಗೆ ಜಗಳ ಹಚ್ಚಿ ನೋಡ್ಕೋತ ಕೂಡತೀರಿ. ಜೈನರ ಹುಡುಗ್ಯಾರೇನ ನೀವು?"

"ಆಯಿ, ಅವು ಸಾಯಂಗಿಲ್ಲ. ತಲಿ ತಿರುಗಿ ಬೀಳ್ತಾವ ಅಷ್ಟ."

"ತಲಿ ತಿರುಗಸೂದೂ ಪಾಪನ," ಅಂದು ಆಯಿ ತೀರ್ಪು ಕೊಟ್ಟಿದ್ದಳು. ಗೋಕಾಕದಲ್ಲಿ ಸುತ್ತಮುತ್ತಲ ಊರಿನವರದೆಲ್ಲ ಒಂದು ಪಂದ್ಯ ಆಗಲಿದೆ ಎಂದಾಗ ಒಂದು ಕರಾರಿನ ಮೇಲೆ ಬಿಟ್ಟಳು: ಇದೊಂದು ಪಂದ್ಯ. ಆಮೇಲೆ ಪರೀಕ್ಷೆ ಮುಗಿಯುವ ತನಕ ದೀಪಾಲಿ ಪಂದ್ಯದ ಹೆಸರು ಎತ್ತಕೂಡದು. ಆಮೇಲೆ ಡಿಗ್ರಿಗೆ ಯಾವ ಊರೋ, ಯಾವ ಹಾಸ್ಟೆಲ್ಲೋ. ಅಂದರೆ ಗೆಲ್ಲುವುದಿದ್ದರೆ ಇದೇ ಒಂದು ಸಲ, ಅದೂ ದುಂಡಪ್ಪನಿಂದ.

ದುಂಡಪ್ಪನಿಂದ ಗೆಲ್ಲುತ್ತೇನೆ ಎಂದರೆ ಹುಡುಗರು ನಗುತ್ತಿದ್ದರು. ನಗುವುದಕ್ಕೆ ಕಾರಣವೂ ಇತ್ತು. ಕಾಳಗದಲ್ಲಿ ಒಬ್ಬೊಬ್ಬರಿಗೆ ಮೂರು ಪ್ರಾಣಿ. ಒಂದು ಕಣದಲ್ಲಿದ್ದರೆ ಎರಡು ಹೊರಗೆ ಕಾಯುತ್ತವೆ. ಒಂದೊಂದು ಪ್ರಾಣಿಗೆ ನಾಲ್ಕು ಪಟ್ಟು ಮಾತ್ರ ಕಲಿಸಬಹುದು. ಪಾಯಪ್ಪ ಹರೆಯದಲ್ಲಿ ಕುಸ್ತಿ ತಾಲೀಮಿನ ಮಣ್ಣು ಮೆತ್ತಿಕೊಂಡವನು. ಅವನು ಪಟ್ಟಿಗೆ ಡಾವ ಅನ್ನುತ್ತಿದ್ದ, ಎಲ್ಲರೂ ಹಾಗೇ ಅನ್ನತೊಡಗಿದರು. ಹೋರಿಗೆ ಬಲ, ಕಲ್ಲಾಮೆಗೆ ಚಿಪ್ಪು, ಗಿಡಗನಿಗೆ ವೇಗ. ದುಂಡಪ್ಪನಿಗೆ ಎಲ್ಲ ಇತ್ತು, ಯಾವುದೂ ಪೂರಾ ಇರಲಿಲ್ಲ. ಆದರೆ ಆಟದಲ್ಲಿದ್ದ ಡಾವಗಳಲ್ಲಿ ಅದಕ್ಕೆ ಕಲಿಯಲು ಬಾರದ್ದು ಹೆಚ್ಚುಕಡಿಮೆ ಒಂದೂ ಇರಲಿಲ್ಲ. ಬೆಂಕಿ ಉಗುಳಿಸಬಹುದು, ನೀರು ಚಿಮ್ಮಿಸಬಹುದು, ಗಾಯ ಮಾಯಿಸಬಹುದು, ಎದುರಿನವನನ್ನು ಮಲಗಿಸಬಹುದು.

"ಎಲ್ಲಾ ಬರೂವಂಗ ಇದ್ರ ಒಂದೂ ಬರಂಗಿಲ್ಲ ಅಂತ ಅರ್ಥ," ಅಂದಿದ್ದ ಪಾಯಪ್ಪ.

"ಅಲ್ರಿ ಪಾಯಪ್ಪಣ್ಣ," ದೀಪಾಲಿ ಸ್ಟೂಲಿನ ತುದಿಗೆ ಬಂದು ಕೂತಿದ್ದಳು. "ಹೋರಿ ಬಂತಂದ್ರ ಹಾಯತೈತಿ ಅಂತ ಎಲ್ಲಾರಿಗೂ ಗೊತ್ತು. ದುಂಡಪ್ಪ ಬಂದ್ರ ಏನ ಮಾಡತಾನಂತ ಯಾರಿಗೆ ಗೊತ್ತೈತಿ? ಅವಂಗ ಹೆದರಿ ಒಂದ್ ಡಾವ ಸುಮ್ಮ ಕಳೀತಾರ. ಆ ಒಂದ್ ಡಾವ ಸಿಕ್ಕರ ಸಾಕ್ರಿ ನನಗ."

ಅವಳ ಲೆಕ್ಕಾಚಾರ ಇಷ್ಟೇ. ದುಂಡಪ್ಪನ ಆಯುಧ ಬಲವಲ್ಲ, ಎದುರಿನವನ ಅನುಮಾನ. ಮಲಗಿಸುವವನೋ, ಗುದ್ದುವವನೋ, ಗೋಡೆಯಂತೆ ನಿಂತು ತಡೆಯುವವನೋ ಎಂದು ಅವನು ತಲೆ ಕೆರೆದುಕೊಳ್ಳುವುದರಲ್ಲಿ ಆಟ ಅರ್ಧ ಮುಗಿದಿರಬೇಕು. ಅದಕ್ಕೇ ಸೆಂಟರಿನಲ್ಲಿ ಯಾರಾದರೂ "ದುಂಡಪ್ಪಗ ಏನ ಕಲಿಸೀಯವಾ" ಎಂದು ಕೇಳಿದರೆ ದೀಪಾಲಿಯ ಉತ್ತರ ಒಂದೇ: "ನೋಡೂಣು."

ಒಳಗಿನ ಸಂಗತಿ ಇಬ್ಬರಿಗೇ ಗೊತ್ತಿತ್ತು. ತಿಂಗಳುಗಟ್ಟಲೆ ಇಬ್ಬರೂ ಬೇರೆ ಯಾರೂ ಇಲ್ಲದಾಗ ತಮ್ಮತಮ್ಮಲ್ಲೇ ಆಡುತ್ತ ಒಂದು ಡಾವ ಹಾಕಿ, ಇನ್ನೊಂದು ತೆಗೆದು, ಸೋತು, ಮತ್ತೆ ಹಾಕಿ ನೋಡಿದ್ದರು. ಕಡೆಗೆ ನಿಂತದ್ದು ನಾಲ್ಕು. ಮೊದಲು ಎದುರಿನವನನ್ನು ಮಲಗಿಸುವುದು. ಅವನು ಮಲಗಿರುವಾಗ ಮೈಯಲ್ಲಿ ಕಸು ಕೂಡಿಸುವುದು. ಕೂಡಿಸಿದ ಕಸುವನ್ನು ಹೊರಗೆ ಕಾಯುತ್ತಿರುವ ಗಿಡಗನಿಗೆ ದಾಟಿಸಿ ತಾನು ಹಿಂದೆ ಸರಿಯುವುದು. ಏನೂ ನಡೆಯದಿದ್ದರೆ ಕೊನೆಗೊಂದು ಗುದ್ದು. ತೆಳು ಚರ್ಮದ ಗಿಡಗ ಆ ಕಸು ಹೊತ್ತು ಬಂದರೆ ಎದುರಿನ ಮೂರೂ ಪ್ರಾಣಿ ಮಣ್ಣು ಮುಕ್ಕುತ್ತಿದ್ದವು.

ಆ 'ದಾಟಿಸು' ಎಂಬ ಡಾವ ಹುಡುಕಿದ್ದು ಸೋನಾಲಿ. ಯಾರೂ ಮುಟ್ಟದ ಡಾವ ಅದು. "ತಾನ ದುಡದು ಇನ್ನೊಬ್ರಿಗೆ ಕೊಡೂದಂದ್ರ ಯಾರಿಗೆ ಬೇಕಾಗೇತಿ" ಎಂದು ದೀಪಾಲಿಯೇ ಮೊದಲು ಅದನ್ನು ತೆಗೆದು ಹಾಕಿದ್ದಳು. ಸೋನಾಲಿ ಹಟ ಹಿಡಿದು ಮತ್ತೆ ಹಾಕಿಸಿದ್ದಳು.

ಹೆಸರು ಕೊಡುವ ದಿನ ಪಾಯಪ್ಪ ಒಂದು ಹಾಳೆಯಲ್ಲಿ ದಪ್ಪಗೆ 'ಸಂಕೇಶ್ವರ: ದೀಪಾಲಿ' ಎಂದು ಬರೆದು ಬಾಗಿಲ ಗಾಜಿಗೆ ಅಂಟಿಸಿದ.

"ದೀಪಕ್ಕ, ನಂದೂ ಬರಸಬಹುದಿತ್ತಲ್ಲ," ಅಂದಳು ಸೋನಾಲಿ.

"ಒಬ್ಬರದ ಬರಿಯೂದು ಸೋನಿ. ಕುಸ್ತಿಗೆ ಇಬ್ಬರು ಕೂಡಿ ಇಳೀತಾರೇನ?" ದೀಪಾಲಿ ನಕ್ಕು ಸೈಕಲ್ ಹತ್ತಿದಳು. ಸೋನಾಲಿ ಹಿಂದೆ ಕೂತಳು. ಆ ಮಾತು ದೀಪಾಲಿಗೆ ಓಣಿಯ ತಿರುವು ಬರುವುದರೊಳಗೆ ಮರೆತುಹೋಯಿತು.

ಪಂಚಮಿಗೆ ಸೋನಾಲಿ ಅವ್ವನ ಜೊತೆ ಮೂಡಲಗಿಗೆ, ಮಾಮಾನ ಮನೆಗೆ ಹೋದಳು. ಜೋಕಾಲಿ ಆಡಿ, ಉಂಡಿ ಕಟ್ಟಿಸಿಕೊಂಡು ಬಂದಳು. ಬಂದವಳು ಯಾಕೋ ಮೊದಲಿನಷ್ಟು ಮಾತಾಡಲಿಲ್ಲ. ಉಂಡಿ ತಿಂದು ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡಳು ದೀಪಾಲಿ. ಆಮೇಲೆ ಭಾದ್ರಪದದ ದಶಲಕ್ಷಣ ಪರ್ವ ಬಂತು. ಪರ್ವ ಮುಗಿಯುವ ತನಕ ಕಾಳಗದ ಮಾತು ಬೇಡವೆಂದು ಆಯಿ ಹೇಳಿದ್ದರಿಂದ ಪಾಯಪ್ಪನ ಬಾಗಿಲಿಗೆ ಯಾರೂ ಹೋಗಲಿಲ್ಲ.

ಪರ್ವದ ಕಡೆಗೆ ಕ್ಷಮಾವಾಣಿ. ಅವತ್ತು ಬಸದಿಯಿಂದ ಬಂದ ಮೇಲೆ ಮನೆಯವರೆಲ್ಲ ಒಬ್ಬರಿಗೊಬ್ಬರು ಕೈ ಮುಗಿದು, ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಕ್ಷಮೆ ಕೇಳುವುದು. ಸೊಸೆ ಅತ್ತೆಯನ್ನು ಕೇಳುತ್ತಾಳೆ, ಅತ್ತೆಯೂ ಸೊಸೆಯನ್ನು ಕೇಳುತ್ತಾಳೆ. ಏನು ತಪ್ಪು ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಅದು ಪದ್ಧತಿ. ದೀಪಾಲಿ ಅಂಗಳದಲ್ಲಿ ಕೂದಲು ಒಣಗಿಸುತ್ತಿದ್ದಾಗ ಸೋನಾಲಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ಉತ್ತಮ ಕ್ಷಮಾ ದೀಪಕ್ಕ. ಗೊತ್ತಿದ್ದೂ ಗೊತ್ತಿಲ್ಲದನೂ ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡು."

"ಮಾಡೀನಿ ಹೋಗ. ನನ್ನ ಹಸರ ಓಢಣಿಗೆ ಕಲಿ ಹಚ್ಚೀದಿ, ಅದನ್ನೂ ಕೂಡಸಿ ಮಾಡೀನಿ."

ಸೋನಾಲಿ ನಗಲಿಲ್ಲ. "ಎಲ್ಲಾದಕ್ಕೂ?"

"ಎಲ್ಲಾದಕ್ಕೂ. ನನಗೂ ಕ್ಷಮಾ ಮಾಡವಾ ತಾಯಿ," ಎಂದು ದೀಪಾಲಿ ಕೈ ಬಿಡಿಸಿಕೊಂಡು ಬಾಚಣಿಗೆ ಹುಡುಕಿದಳು.

ಪಂದ್ಯ ಆ ಮುಂದಿನ ಭಾನುವಾರ. ಆಯಿ ಒಂದೇ ಡಬ್ಬಿಯಲ್ಲಿ ಇಬ್ಬರಿಗೂ ರೊಟ್ಟಿ, ಕಾಳಿನ ಪಲ್ಯ ಕಟ್ಟಿಕೊಟ್ಟಳು. ಪಾಯಪ್ಪನ ಜೊತೆ ಮುಂಜಾನೆ ಬಸ್ಸು ಹಿಡಿದು, ಹುಕ್ಕೇರಿ ದಾಟಿ, ಘಟಪ್ರಭಾ ದಾಟಿ ಗೋಕಾಕ ಮುಟ್ಟಿದರು. ಪೇಟೆಯೊಳಗಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ಪ್ರಾಣಿಗಳನ್ನು ಸಿಡಿಯಲ್ಲಿ ತಂದು ಮೊದಲೇ ಒಪ್ಪಿಸಬೇಕು, ಆಮೇಲೆ ಡಾವ ಬದಲಿಸುವಂತಿಲ್ಲ ಎಂಬುದು ನಿಯಮ. ಹುಡುಗಿಯರೆಂದರೆ ಇವರಿಬ್ಬರೇ.

ಮೊದಲ ಸುತ್ತುಗಳು ದೀಪಾಲಿ ಅಂದುಕೊಂಡ ಹಾಗೇ ನಡೆದವು. ದುಂಡಪ್ಪ ಕಣಕ್ಕಿಳಿಯುತ್ತಲೇ ಎದುರಿನ ಹುಡುಗರು ಕೀಲಿಮಣೆಯ ಮೇಲೆ ಕೈ ಎತ್ತಿ ನಿಲ್ಲಿಸುವರು. ಒಬ್ಬ ಬೆಂಕಿ ಇರಬಹುದೆಂದು ನೀರಿನ ಪ್ರಾಣಿ ತಂದ. ಒಬ್ಬ ಗೋಡೆ ಇರಬಹುದೆಂದು ವಿಷ ಹಾಕುವವನನ್ನು ತಂದ. ಅಷ್ಟರಲ್ಲಿ ನಿದ್ದೆ, ಕಸು, ದಾಟು. ಗಿಡಗ ಬಂದು ಸಾಲಾಗಿ ಕೆಡವಿತು. ಹಿಂದೆ ನಿಂತಿದ್ದ ಗೋಕಾಕ ಫಾಲ್ಸಿನ ಗಿರಣಿ ಹುಡುಗರು ಮೊದಲು ನಕ್ಕಿದ್ದವರು ಆಮೇಲೆ ಮುಂದೆ ಬಂದು ಬಗ್ಗಿ ನೋಡತೊಡಗಿದರು. ದೀಪಾಲಿಗೆ ಕಿವಿ ಬೆಚ್ಚಗಾಗಿತ್ತು. ಹಿಂದೆ ತಿರುಗಿ "ಸೋನಿ, ನೋಡಿದಿ?" ಅಂದಳು. ಸೋನಾಲಿ ನೀರಿನ ಬಾಟಲಿ ಮುಂದೆ ಹಿಡಿದಳು.

ಕೊನೆಯ ಸುತ್ತಿಗೆ ಮೂಡಲಗಿಯ ಈಶ್ವರ ಬಂದು ಕೂತ. ತೆಳ್ಳಗಿನ ಹುಡುಗ, ಮಾತಿನಲ್ಲಿ ಮರ್ಯಾದೆ. ಮೂರು ಕಾಳಗದಲ್ಲಿ ಎರಡು ಗೆದ್ದವರದು ಪಂದ್ಯ.

ದೀಪಾಲಿ ದುಂಡಪ್ಪನನ್ನು ಇಳಿಸಿದಳು. ಈಶ್ವರ ಹೋರಿಯನ್ನು ಇಳಿಸಿದ. ತಡೆಯಲಿಲ್ಲ, ಯೋಚಿಸಲಿಲ್ಲ. ದುಂಡಪ್ಪ ಮಲಗಿಸುವ ಡಾವ ಹಾಕಿದ, ಹೋರಿ ಮಲಗಲಿಲ್ಲ. ಅದರ ಕೊರಳಲ್ಲಿ ನಿದ್ದೆ ತಡೆಯುವ ಬೇರು ಕಟ್ಟಿತ್ತು. ಇರಲಿ, ಒಬ್ಬೊಬ್ಬರು ಕಟ್ಟಿರುತ್ತಾರೆ ಎಂದುಕೊಂಡು ದೀಪಾಲಿ ಕಸು ಕೂಡಿಸಿದಳು. ಹೋರಿ ಹಾಯಲೇ ಇಲ್ಲ, ಕಾಯುತ್ತ ನಿಂತಿತು. ಮತ್ತೆ ಕೂಡಿಸಿದಳು. ಇನ್ನೇನು ದಾಟಿಸಬೇಕು ಅನ್ನುವಾಗ ಹೋರಿ ಬಾಯಿ ತೆರೆದು ಒದರಿತು.

ದೀಪಾಲಿಯ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು.

ಒದರುವುದು ಕಾಳಗದಲ್ಲಿ ಯಾರೂ ಕಲಿಸದ ಡಾವ. ಅದರಿಂದ ಪೆಟ್ಟಿಲ್ಲ, ಗಾಯವಿಲ್ಲ. ಎದುರಿನ ಪ್ರಾಣಿ ಬೆದರಿ ಕಣದಿಂದ ಹೊರಗೋಡುತ್ತದೆ, ಅಷ್ಟೇ. ಆದರೆ ಓಡುವಾಗ ಕೂಡಿಸಿದ ಕಸುವೆಲ್ಲ ಅಲ್ಲೇ ಉದುರಿಹೋಗುತ್ತದೆ. ಇರುವ ನಾಲ್ಕು ಡಾವಗಳಲ್ಲಿ ಒಂದನ್ನು ಅದಕ್ಕೆ ಹಾಳುಮಾಡುವವನು ಹುಚ್ಚನಾಗಿರಬೇಕು, ಇಲ್ಲವೆ ದುಂಡಪ್ಪನ ಹೊಟ್ಟೆಯೊಳಗೆ ಏನಿದೆ ಎಂದು ಮೊದಲೇ ಬಲ್ಲವನಾಗಿರಬೇಕು. ಈಶ್ವರನ ಮುಖ ನೋಡಿದರೆ ಹುಚ್ಚನಂತೆ ಕಾಣಲಿಲ್ಲ.

ಬಲ್ಲವರು ಇಬ್ಬರೇ. ಒಬ್ಬಳು ಕುರ್ಚಿಯ ಮೇಲಿದ್ದಳು. ದೀಪಾಲಿ ತಿರುಗಿ ಇನ್ನೊಬ್ಬಳನ್ನು ನೋಡಿದಳು. ಎಲ್ಲರೂ ಪರದೆ ನೋಡುತ್ತಿದ್ದರು, ಸೋನಾಲಿ ತನ್ನ ಚಪ್ಪಲಿ ನೋಡುತ್ತಿದ್ದಳು.

ಮೊದಲ ಕಾಳಗ ಹೋಯಿತು. ಹೇಗೆ ಹೋಯಿತೆಂದೂ ದೀಪಾಲಿಗೆ ಸರಿಯಾಗಿ ಗೊತ್ತಾಗಲಿಲ್ಲ. ಅವಳ ತಲೆಯಲ್ಲಿ ಪಂಚಮಿ, ಮೂಡಲಗಿ, ಅಂಗಳದಲ್ಲಿ ಹಿಡಿದ ಎರಡು ಕೈ ಒಂದರ ಹಿಂದೊಂದು ಬಂದು ನಿಂತವು. ಎಲ್ಲಾದಕ್ಕೂ? ಎಂದು ಕೇಳಿದ್ದು ಓಢಣಿಯ ಕಲೆಗಲ್ಲ.

ಎರಡನೆಯ ಕಾಳಗವನ್ನು ಅವಳು ಬರೀ ಸಿಟ್ಟಿನಿಂದ ಆಡಿದಳು. ಕಸು ಕೂಡಿಸುವ ಗೋಜಿಗೇ ಹೋಗಲಿಲ್ಲ. ಈಶ್ವರ ಒದರಲು ಹೊತ್ತು ನೋಡುತ್ತ ಕಾದ. ಕಾದಷ್ಟೂ ದುಂಡಪ್ಪ ಗುದ್ದಿದ. ಮೊದಲ ಸಲ ಈಶ್ವರ ಹುಬ್ಬು ಗಂಟಿಕ್ಕಿದ. ಆ ಕಾಳಗ ದೀಪಾಲಿಯದು. ಹಿಂದಿನವರು ಚಪ್ಪಾಳೆ ತಟ್ಟಿದರು, ಪಾಯಪ್ಪ ತೊಡೆ ತಟ್ಟಿದ.

ಮೂರನೆಯದರಲ್ಲಿ ಈಶ್ವರನವು ಎರಡು, ದೀಪಾಲಿಯದು ಒಂದು ಪ್ರಾಣಿ ಬಿದ್ದು, ಹೊರಗೆ ಉಸಿರು ಮಾತ್ರ ಉಳಿದ ಅವಳ ಗಿಡಗ, ಒಳಗೆ ದುಂಡಪ್ಪ, ಎದುರಿಗೆ ಅದೇ ಹೋರಿ ಎಂಬಲ್ಲಿಗೆ ಬಂತು. ಆಗ ಕಿವಿಯ ಹತ್ತಿರ ಸೋನಾಲಿಯ ಉಸಿರು ಬಂತು.

"ದೀಪಕ್ಕ, ಈಗ ಕಸು ಕೂಡಸು. ಅವ ಒದರಂಗಿಲ್ಲ. ಗುದ್ದಿಗೆ ಹೆದರ್ಯಾನ, ಪೆಟ್ಟ ತಾಗದಂಗ ಅಡ್ಡ ನಿಂದ್ರತಾನ. ನನಗ ಅವನ ಆಟ ಗೊತ್ತೈತಿ."

ಅವನ ಆಟ ಗೊತ್ತೈತಿ. ಹೇಗೆ ಗೊತ್ತು ಎಂದು ದೀಪಾಲಿ ಕೇಳಲಿಲ್ಲ. ನಿನ್ನೆಯಾಗಿದ್ದರೆ ಇವಳು ಹೇಳಿ ಮುಗಿಸುವುದರೊಳಗೆ ಬೆರಳು ಒತ್ತಿಬಿಡುತ್ತಿತ್ತು. ಇವಳು ಹೇಳಿದ ಡಾವ ದೀಪಾಲಿ ಕಣ್ಣು ಮುಚ್ಚಿ ಹಾಕಿದ್ದಳು, ತಿಂಗಳುಗಟ್ಟಲೆ. ಈಗ ಆ ಪಿಸುಮಾತು ಕಿವಿಯಲ್ಲಿ ಇರುವೆಯಂತೆ ಹರಿಯಿತು. ಕೂಡಸು ಅಂದಳು, ಅಂದಮೇಲೆ ಅವನು ಒದರುವವನೇ ಇರಬೇಕು. ದೀಪಾಲಿ ಗುದ್ದು ಒತ್ತಿದಳು.

ಹೋರಿ ಅಡ್ಡ ನಿಂತಿತ್ತು. ಗುದ್ದು ಅದರ ಕೊಂಬಿಗೆ ಬಡಿದು ಹುಸಿಯಾಯಿತು. ಮುಂದಿನ ಸರತಿಗೆ ಹೋರಿ ಹಾಯ್ದಿತು. ದುಂಡಪ್ಪ ಉರುಳಿದ. ಕಸುವಿಲ್ಲದ ಗಿಡಗ ಒಮ್ಮೆ ರೆಕ್ಕೆ ಬಡಿದು, ಅದೂ ಮುಗಿಯಿತು.

ಈಶ್ವರ ಎದ್ದು ಬಂದು ಕೈ ಮುಗಿದ. ಕೈಯಲ್ಲಿ ಗೆದ್ದವರಿಗೆ ಕೊಟ್ಟ ಕರದಂಟಿನ ಡಬ್ಬಿ ಇತ್ತು, ಅದನ್ನೇ ತೆರೆದು ಮುಂದೆ ಹಿಡಿದ.

"ತಗೋರಿ. ಖರೆ ಹೇಳತೇನಿ, ಎರಡನೇದ್ದರಾಗ ನನ್ನ ಹೆದರಿಸಿಬಿಟ್ರಿ. ಕಡೀಕ ಒದರೂದು ಬಿಟ್ಟ ಅಡ್ಡ ನಿಂತೆ. ಅಲ್ಲೆ ನೀವು ಕಸು ಕೂಡಿಸಿದ್ರ ನಾ ಮುಗೀತಿದ್ದೆ."

ದೀಪಾಲಿ ಕರದಂಟಿನ ತುಂಡು ಹಿಡಿದುಕೊಂಡೇ ಕೇಳಿದಳು. "ಒದರೂದು ಯಾಕ ಕಲಿಸಿದ್ರಿ?"

ಅವನು ಪಿಳಿಪಿಳಿ ನೋಡಿದ. "ಸೋನಾಲಿ ಹೇಳಿದ್ಲಲ್ರಿ, ಪಂಚಮ್ಯಾಗ ನಮ್ಮ ಓಣ್ಯಾಗ ಮಾಮಾನ ಮನಿಗೆ ಬಂದಾಗ. ನೀ ಅಕ್ಕನ ಬಾಜೂ ಕುಂಡ್ರಾಕೆ, ನಿನಗೇನ ಗೊತ್ತೈತಿ ಅಂತ ನಾ ಚಾಷ್ಟಿ ಮಾಡಿದ್ನಿ. ಆಗ ಎಲ್ಲಾ ಬಿಡಿಸಿ ಹೇಳಿದ್ಲು. ನಿಮಗ ಗೊತ್ತಿತ್ತಂತ ನಾ ತಿಳ್ಕೊಂಡಿದ್ನಿ." ಆಮೇಲೆ ಇಬ್ಬರ ಮುಖವನ್ನೂ ನೋಡಿ ಡಬ್ಬಿ ಮುಚ್ಚಿಕೊಂಡು ಸರಿದುಹೋದ.

ಮರಳುವ ಬಸ್ಸು ಹುಕ್ಕೇರಿಯಲ್ಲಿ ಕೆಟ್ಟು ನಿಂತಿತು. ಪಾಯಪ್ಪ ಕೆಳಗಿಳಿದು ಡ್ರೈವರನ ಜೊತೆ ಬಗ್ಗಿ ನೋಡುತ್ತಿದ್ದ. ಸೂರ್ಯ ಇಳಿಯುತ್ತಿದ್ದ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ, ಮುಟ್ಟುವುದರೊಳಗೆ ಕತ್ತಲಾದರೆ ನಾಳೆ ತನಕ ಉಪವಾಸ. ಡಬ್ಬಿ ಒಂದೇ. ದೀಪಾಲಿ ಅದನ್ನು ಇಬ್ಬರ ನಡುವೆ ಇಟ್ಟು ಮುಚ್ಚಳ ತೆಗೆದು, ರೊಟ್ಟಿ ಮುರಿದು ಅರ್ಧವನ್ನು ಮುಚ್ಚಳದಲ್ಲಿ ಹಾಕಿ ಪಕ್ಕಕ್ಕೆ ಸರಿಸಿದಳು.

ಸೋನಾಲಿ ಮುಟ್ಟಲಿಲ್ಲ. "ದೀಪಕ್ಕ, ಗೆಲ್ಲಬಾರದಂತ ಹೇಳಿದ್ದಲ್ಲ. ದಾಟಸೂದು ನಾ ಹುಡುಕಿದ್ದು. ಯಾರಿಗೂ ಗೊತ್ತ ಇರಲಿಲ್ಲ. ಒಬ್ಬರಿಗಾದ್ರೂ ಗೊತ್ತಾಗಲಿ ಅಂತ."

"ಅವನಿಗೆ ಗೊತ್ತಾದ್ರ ಸಾಕಿತ್ತೇನ?"

"ನಿನಗ ಹೇಳಿದ್ನಿ, ನಂದೂ ಹೆಸರ ಬರಸಂತ. ನೀ ಸೈಕಲ್ ಹತ್ತಿದಿ."

ಸೈಕಲ್ಲು ದೀಪಾಲಿಗೆ ಈಗ ನೆನಪಾಯಿತು. ನೆನಪಾಗಿ ಸಿಟ್ಟು ಇಳಿಯಲಿಲ್ಲ, ಇನ್ನೊಂದು ಕಡೆಯಿಂದ ಚುಚ್ಚಿತು. "ಬಂದ ದಿನಾನ ಹೇಳಬೇಕಿತ್ತಲೇ. ಡಾವ ಬದಲಿ ಮಾಡತಿದ್ದೆ. ಒಂದ್ ತಿಂಗಳಿತ್ತು ಕೈಯಾಗ."

"ಹೇಳಾಕ ಬಾಯಿ ಬರಲಿಲ್ಲ. ಅದಕ್ಕ ಅವತ್ತ ಕ್ಷಮಾ ಕೇಳಿದ್ನಿ. ನೀ ಮಾಡೀನಿ ಅಂದಿ. ಎಲ್ಲಾದಕ್ಕೂ ಅಂದಿ."

ದೀಪಾಲಿ ಕಿಟಕಿಯ ಕಡೆ ತಿರುಗಿದಳು. ಸೋತದ್ದಕ್ಕಿಂತ ಇದು ಹೆಚ್ಚು ಉರಿಯಿತು. ಸಿಟ್ಟಾಗುವ ಹಕ್ಕನ್ನೂ ಇವಳು ಮುಂಚಿತವಾಗಿ, ಕೈ ಹಿಡಿದು, ಬಸದಿಯ ಗಂಧ ಹಣೆಯ ಮೇಲೆ ಆರುವ ಮೊದಲೇ ಇಸಿದುಕೊಂಡು ಹೋಗಿದ್ದಳು.

"ಉಣ್ಣ. ಹೊತ್ತ ಮುಳುಗತೈತಿ," ಅಂದಳು.

ಮನೆ ಮುಟ್ಟಿದಾಗ ಆಯಿ ಕಟ್ಟೆಯ ಮೇಲೇ ಕೂತಿದ್ದಳು. ಸೋನಾಲಿ ಒಳಗೆ ಹೋದ ಮೇಲೆ ದೀಪಾಲಿ ಆಯಿಯ ಪಕ್ಕ ಕೂತಳು.

"ಆಯಿ, ಏನ ತಪ್ಪಂತ ಗೊತ್ತಿಲ್ಲದ ಕ್ಷಮಾ ಮಾಡಿದ್ರ, ಅದು ನಡೀತೈತೇನ?"

ಆಯಿ ಒಳಬಾಗಿಲ ಕಡೆ ಒಮ್ಮೆ ನೋಡಿದಳು. ಏನಾಯಿತೆಂದು ಕೇಳಲಿಲ್ಲ. "ಕೊಟ್ಟಿದ್ದು ಕೊಟ್ಟಂಗವಾ. ತಿರುಗಿ ಇಸ್ಕೊಳ್ಳಾಕ ಬರಂಗಿಲ್ಲ." ಕಟ್ಟೆಯಿಂದ ಏಳುತ್ತ, "ಅದಕ್ಕಂತ ನಾಳೆ ಮತ್ತ ಕಾಲ ಮುಂದ ಮಾಡ್ಕೊಂಡ ಕುಂಡ್ರು, ತುಳೀಲಿ ಅಂತೇನ ಅಲ್ಲ," ಅಂದಳು.

ಮರುದಿನ ಕಾಲೇಜು ಬಿಟ್ಟ ಮೇಲೆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಪಾಯಪ್ಪನಲ್ಲಿಗೆ ಬಂದರು. ಪಂದ್ಯದ ಮಾತು ಇನ್ನಿಲ್ಲ, ಆದರೂ ಕಾಲು ಅಲ್ಲಿಗೇ ಬಂತು. ಗಾಜಿನ ಮೇಲಿನ ಹಾಳೆ ಹಾಗೇ ಇತ್ತು. ದೀಪಾಲಿ ಪೆನ್ನು ತೆಗೆದು ತನ್ನ ಹೆಸರಿನ ಪಕ್ಕದಲ್ಲಿ ಸೋನಾಲಿಯ ಹೆಸರನ್ನೂ ಅಷ್ಟೇ ದಪ್ಪಗೆ ಬರೆದಳು. ಸೋನಾಲಿಯ ಮುಖ ಅರಳಿತು. ಅವಳು ಓಡಿಹೋಗಿ ಗೋಡೆ ಬದಿಗೆ ಎರಡೂ ಸ್ಟೂಲು ಎಳೆದು ಹಾಕಿದಳು.

ಚಹಾದ ದುಂಡಪ್ಪ ಬಾಗಿಲಲ್ಲಿ ಬಂದು ನಿಂತ. "ಏನಾತವಾ ಗೋಕಾಕದಾಗ?"

"ಬಿದ್ದಿ ಕಾಕಾ."

"ಯಾರ ಕೆಡವಿದ್ರು?"

"ಹೋರಿ," ಅಂದಳು ದೀಪಾಲಿ. ಸೋನಾಲಿ ತಲೆ ತಗ್ಗಿಸಿದಳು.

ದೀಪಾಲಿ ಕೂತು ದುಂಡಪ್ಪನನ್ನು ತೆರೆದಳು. ನಾಲ್ಕು ಡಾವಗಳನ್ನೂ ಒಂದೊಂದಾಗಿ ಅಳಿಸಿದಳು. ನಿದ್ದೆ ಹೋಯಿತು, ಕಸು ಹೋಯಿತು, ಗುದ್ದು ಹೋಯಿತು. 'ದಾಟಿಸು' ಎಂಬುದರ ಮೇಲೆ ಕೈ ತುಸು ತಡೆಯಿತು, ಅದೂ ಹೋಯಿತು. ಬೂದು ಪ್ರಾಣಿ ಖಾಲಿ ಹೊಟ್ಟೆಯಲ್ಲಿ ನಿಂತು ಕಣ್ಣು ಮಿಟುಕಿಸುತ್ತಿತ್ತು.

ಸೋನಾಲಿ ಸ್ಟೂಲು ಹತ್ತಿರ ಎಳೆದುಕೊಂಡು, ಎಂದಿನ ಹಾಗೆ ಭುಜಕ್ಕೆ ಭುಜ ತಾಗಿಸಿ ಬಗ್ಗಿದಳು. "ಏನ ಕಲಸತೀ ದೀಪಕ್ಕ?"

ದೀಪಾಲಿ ಎರಡೂ ಕೈಯಿಂದ ಆ ಭಾರದ ಮಾನಿಟರನ್ನು ಹಿಡಿದು ತನ್ನ ಕಡೆಗೆ ಸ್ವಲ್ಪ ತಿರುಗಿಸಿಕೊಂಡಳು. ಮೇಜಿನ ಧೂಳಿನಲ್ಲಿ ಅದರ ಹಳೆಯ ಜಾಗದ ಗುರುತು ಉಳಿಯಿತು.

"ನೋಡೂಣು," ಅಂದಳು.